ಸಿಇಎ ರಿಪೋರ್ಟ್ ಓದುವುದು ಹೇಗೆ?

ಕೇಳುಗರಿಗೆಲ್ಲ ನಮಸ್ಕಾರ.

ದೊಡ್ಡ ಕರುಳಿನ ಕ್ಯಾನ್ಸರ್‌ಗೆ ಆಪರೇಷನ್ ಆದವರ ಮನೆಯವರು ಕೇಳುವ ಪ್ರಶ್ನೆ ಒಂದೇ: "ಮತ್ತೆ ಬರುತ್ತಾ ಡಾಕ್ಟ್ರೇ?" ಖಚಿತವಾಗಿ ಹೇಳುವುದು ಕಷ್ಟ. ಆದರೆ ಸುಳಿವು ಕೊಡುವ ಕೆಲವು ಪ್ರೋಟೀನ್‌ಗಳಿವೆ.

ಅವುಗಳಲ್ಲಿ ಹಳೆಯದು ಸಿಇಎ, ಅಂದರೆ ಕಾರ್ಸಿನೋಎಂಬ್ರಿಯಾನಿಕ್ ಆಂಟಿಜೆನ್. ಇದನ್ನು ರಕ್ತದಲ್ಲಿ ಅಳೆಯುತ್ತಾರೆ. 1965ರಲ್ಲಿ ಕೆನಡಾದ ಫಿಲ್ ಗೋಲ್ಡ್ ಮತ್ತು ಸ್ಯಾಮ್ಯುಯೆಲ್ ಫ್ರೀಡ್‌ಮನ್ ಇದನ್ನು ಗುರುತಿಸಿದರು. ತಾಯಿಯ ಹೊಟ್ಟೆಯಲ್ಲಿರುವ ಮಗುವಿನ ಕರುಳು ಇದನ್ನು ತಯಾರಿಸುತ್ತದೆ. ಹುಟ್ಟಿದ ಮೇಲೆ ರಕ್ತದಲ್ಲಿ ಬಹಳ ಕಡಿಮೆ. ಕೆಲವು ಗಡ್ಡೆಗಳು ಮತ್ತೆ ಅದನ್ನು ತಯಾರಿಸತೊಡಗುತ್ತವೆ. ಸಾಮಾನ್ಯವಾಗಿ ಮಿಲಿಲೀಟರ್‌ಗೆ 5 ನ್ಯಾನೋಗ್ರಾಂ ಒಳಗಿರಬೇಕು.

ಬೀಡಿ, ಸಿಗರೇಟು ಸೇದುವವರಲ್ಲಿ ಕ್ಯಾನ್ಸರ್ ಇಲ್ಲದಿದ್ದರೂ ಇದು ಜಾಸ್ತಿ ಇರಬಹುದು. ಲಿವರ್ ಕೆಟ್ಟರೂ ಏರುತ್ತದೆ. ಅತ್ತ, ಕ್ಯಾನ್ಸರ್ ಇದ್ದೂ ಏರದವರಿದ್ದಾರೆ. ಹಾಗಾಗಿ ಆರೋಗ್ಯವಾಗಿರುವವರ ಚೆಕಪ್ ಪ್ಯಾಕೇಜಿನಲ್ಲಿ ಇದನ್ನು ಸೇರಿಸುವುದು ನನಗೆ ಸರಿ ಕಾಣುವುದಿಲ್ಲ. ಸುಮ್ನೆ ದುಡ್ಡು ದಂಡ, ನಿದ್ದೆಯೂ ಕೆಡುತ್ತದೆ. ಮಲದಲ್ಲಿ ರಕ್ತ ಕಂಡವರಿಗೂ ಸಿಇಎ ಉತ್ತರ ಕೊಡುವುದಿಲ್ಲ. ಅವರನ್ನು ಡಾಕ್ಟರು ನೋಡಬೇಕು, ಹೆಚ್ಚಿನ ಸಲ ಕೊಲೊನೊಸ್ಕೋಪಿ, ಅಂದರೆ ಕ್ಯಾಮೆರಾ ಇರುವ ಕೊಳವೆಯಿಂದ ದೊಡ್ಡ ಕರುಳಿನ ಒಳಗೆ ನೋಡುವ ಪರೀಕ್ಷೆ ಬೇಕಾಗುತ್ತದೆ. ಮೂಲವ್ಯಾಧಿ ಇರಬೇಕು, ಕಾಫಿ ಕೊಯ್ಲು ಮುಗಿಯಲಿ ಎಂದು ತಿಂಗಳುಗಟ್ಟಲೆ ಕಾಯುವವರು ನಮ್ಮ ಸಕಲೇಶಪುರ, ಆಲೂರು ಕಡೆ ಇನ್ನೂ ಇದ್ದಾರೆ ಅಲ್ವಾ?

ಸಿಇಎ ಉಪಯೋಗಕ್ಕೆ ಬರುವುದು ಕಾಯಿಲೆ ಗೊತ್ತಾದ ಮೇಲೆ. ಆಪರೇಷನ್‌ಗೆ ಮುಂಚೆ ಒಂದು ಸಲ ನೋಡಿರಲೇಬೇಕು. ಆ ಅಂಕಿ ಇಲ್ಲದಿದ್ದರೆ ಮುಂದಿನದನ್ನು ಯಾವುದಕ್ಕೆ ಹೋಲಿಸುವುದು? ಆಗ ತುಂಬಾ ಹೆಚ್ಚಿದ್ದರೆ ಕಾಯಿಲೆ ಮರುಕಳಿಸುವ ಅಪಾಯ ಸ್ವಲ್ಪ ಹೆಚ್ಚು. ಆಪರೇಷನ್ ಆಗಿ ನಾಲ್ಕಾರು ವಾರಕ್ಕೆ ಇಳಿದರೆ ಒಳ್ಳೆಯ ಲಕ್ಷಣ. ಇಳಿಯದಿದ್ದರೆ ಎಲ್ಲೋ ಕ್ಯಾನ್ಸರ್ ಉಳಿದಿದೆಯೇನೋ ಎಂದು ಹುಡುಕಬೇಕು. ಮೊದಲ ಎರಡು ವರ್ಷ ಮೂರರಿಂದ ಆರು ತಿಂಗಳಿಗೊಮ್ಮೆ, ಆಮೇಲೆ ಐದು ವರ್ಷದ ತನಕ ಆರು ತಿಂಗಳಿಗೊಮ್ಮೆ ನೋಡುವುದು ವಾಡಿಕೆ. ಒಂದು ಸಲ ಏರಿತೆಂದು ಅಳುತ್ತಾ ಕೂರಬೇಡಿ. ಮತ್ತೊಮ್ಮೆ ಮಾಡಿಸಿ. ಕೀಮೋ ನಡೆಯುವಾಗ ತಾತ್ಕಾಲಿಕವಾಗಿ ಏರುವುದೂ ಉಂಟು. ಎರಡನೇ ಸಲವೂ ಏರಿದ್ದರೆ ಸ್ಕ್ಯಾನ್ ಬೇಕು.

ಇನ್ನೊಂದು ಪರೀಕ್ಷೆ ಎಂಎಂಆರ್, ಅಂದರೆ ಮಿಸ್‌ಮ್ಯಾಚ್ ರಿಪೇರ್. ಇದು ರಕ್ತದಲ್ಲಲ್ಲ, ತೆಗೆದ ಗಡ್ಡೆಯ ತುಣುಕಿನಲ್ಲೇ ಮಾಡುವಂಥದ್ದು. ಡಿಎನ್‌ಎ ನಕಲಾಗುವಾಗ ಆಗುವ ತಪ್ಪು ತಿದ್ದುವ ನಾಲ್ಕು ಪ್ರೋಟೀನ್‌ಗಳು ಇವೆಯೇ ಎಂದು ನೋಡುತ್ತಾರೆ. ವಿಚಿತ್ರವೆಂದರೆ, ಎರಡನೇ ಹಂತದ ಕಾಯಿಲೆಯಲ್ಲಿ ಇವುಗಳಲ್ಲಿ ಒಂದು ಇಲ್ಲದಿದ್ದರೆ ಮುಂದಿನ ದಾರಿ ಸಾಮಾನ್ಯವಾಗಿ ಚೆನ್ನಾಗಿಯೇ ಇರುತ್ತದೆ. ಕೆಲವರಿಗೆ ಕೀಮೋವೇ ಬೇಡವಾಗಬಹುದು. ಆದರೆ ಈ ಕೊರತೆ ಕೆಲವೊಮ್ಮೆ ವಂಶದಿಂದ ಬಂದಿರುತ್ತದೆ. ಆಗ ಒಡಹುಟ್ಟಿದವರು, ಮಕ್ಕಳೂ ಡಾಕ್ಟರ ಬಳಿ ಮಾತಾಡಬೇಕು.

ಸಿಇಎಗೆ ರಕ್ತ ಕೊಡಲು ಬೆಂಗಳೂರಿಗೇ ಹೋಗಬೇಕಾಗಿಲ್ಲ. ಹಾಸನದಲ್ಲಿ ಕೊಟ್ಟರೂ ಸಾಕು. ಆದರೆ ಪ್ರತಿ ಸಲ ಒಂದೇ ಲ್ಯಾಬ್‌ನಲ್ಲಿ ಮಾಡಿಸಿ. ಬೇರೆ ಬೇರೆ ಕಿಟ್‌ಗಳಲ್ಲಿ ಅಂಕಿ ಬೇರೆಯಾಗುತ್ತದೆ. ಹಳೆಯ ರಿಪೋರ್ಟ್‌ಗಳನ್ನು ತಾರೀಖಿನ ಪ್ರಕಾರ ಜೋಡಿಸಿ ಜೊತೆಗೆ ತನ್ನಿ. ನಮಸ್ಕಾರ.