ಡಂಪ್ಲಿಂಗ್ ಊಟಕ್ಕೆ ಕೂತಾಗ

ಕೇಳುಗರಿಗೆ ನಮಸ್ಕಾರ.

ಉತ್ತರ ಚೀನಾದ ಸಣ್ಣ ಡಂಪ್ಲಿಂಗ್ ಹೋಟೆಲಿಗೆ ಮಧ್ಯಾಹ್ನದ ಊಟಕ್ಕೆ ಹೋದ ಹೊಸಬರು ಆರ್ಡರ್ ಕೊಡುವಾಗಲೇ ಎಡವುತ್ತಾರೆ. ನೀರಿನಲ್ಲಿ ಬೇಯಿಸಿದ ಡಂಪ್ಲಿಂಗನ್ನು ಅಲ್ಲಿ ಜಿಯಾವ್‌ಜ ಎನ್ನುತ್ತಾರೆ. ಎಷ್ಟೋ ಕಡೆ ಅದನ್ನು ಲಿಯಾಂಗ್ ಲೆಕ್ಕದಲ್ಲಿ ಕೊಡುತ್ತಾರೆ. ಒಂದು ಲಿಯಾಂಗ್ ಅಂದರೆ 50 ಗ್ರಾಂ. ಆದರೆ ಈ ತೂಕ ಹಿಟ್ಟಿನದು, ಹೂರಣ ಅದರಲ್ಲಿ ಸೇರಿಲ್ಲ. ಒಂದು ಲಿಯಾಂಗಿಗೆ ಸುಮಾರು ಐದಾರು ಡಂಪ್ಲಿಂಗ್ ಬರುತ್ತವೆ. ಒಬ್ಬರ ಊಟಕ್ಕೆ ಮೂರು ಲಿಯಾಂಗ್ ಧಾರಾಳ. ಇಡೀ ತಟ್ಟೆಯ ತೂಕವೆಂದು ತಿಳಿದು ಆರೇಳು ಲಿಯಾಂಗ್ ಹೇಳಿಬಿಟ್ಟರೆ ಮೇಜಿನ ಮೇಲೆ ನಲವತ್ತು ಬಂದು ಕೂರುತ್ತವೆ.

ಹೂರಣದಲ್ಲಿ ಹಂದಿಮಾಂಸ ಮತ್ತು ಚೀನೀ ಎಲೆಕೋಸಿನ ಜೋಡಿ ಎಲ್ಲೆಡೆ ಸಿಗುತ್ತದೆ. ಕುರಿಮಾಂಸದ್ದೂ ಉಂಟು. ಮಾಂಸ ತಿನ್ನದವರು ಸಾಮಾನ್ಯವಾಗಿ ಮೊಟ್ಟೆ ಮತ್ತು ಜಿಯುತ್ಸಾಯ್ ಎಂಬ ಬೆಳ್ಳುಳ್ಳಿ ಘಮದ ಸೊಪ್ಪಿನದನ್ನು ಆರಿಸುತ್ತಾರೆ. ದಯವಿಟ್ಟು ಮೊದಲೇ ಕೇಳಿಕೊಳ್ಳಿ: ಇದಕ್ಕೆ ಒಣಗಿದ ಪುಟ್ಟ ಸೀಗಡಿ ಹಾಕುವ ರೂಢಿ ಇದೆ, ಬೇಯಿಸುವ ಹಂಡೆಯೂ ಬಹುತೇಕ ಎಲ್ಲದಕ್ಕೂ ಒಂದೇ.

ಆರ್ಡರ್ ಕೊಟ್ಟ ಮೇಲೆ ಕಾಯಿಸಿದರೆ ಬೇಸರ ಬೇಡ. ಆಗಷ್ಟೇ ಲಟ್ಟಿಸಿ ಮಡಚುವ ಅಂಗಡಿಯೇ ಒಳ್ಳೆಯ ಅಂಗಡಿ. ಅರ್ಧ ಕಿಲೋ ಮೈದಾಕ್ಕೆ ಸುಮಾರು ಕಾಲು ಲೀಟರ್ ತಣ್ಣೀರು ಹಾಕಿ ನಾದಿ, ಅರ್ಧ ಗಂಟೆಯಾದರೂ ಮುಚ್ಚಿಟ್ಟರೆ ಕಣಕ ಹದಕ್ಕೆ ಬರುತ್ತದೆ. ಲಟ್ಟಿಸುವ ಕೈ ಅಂಚನ್ನು ತೆಳುವಾಗಿಸಿ ನಡುವನ್ನು ದಪ್ಪಗೆ ಉಳಿಸುತ್ತದೆ. ಮಡಚಿದಾಗ ಅಂಚು ಇಮ್ಮಡಿಯಾಗುತ್ತದಲ್ಲ, ಎಲ್ಲ ಕಡೆ ಒಂದೇ ದಪ್ಪವಿದ್ದರೆ ಆ ಜೋಡಣೆ ಬೇಯದೆ ಹಸಿಹಿಟ್ಟಾಗಿ ಹಲ್ಲಿಗೆ ಸಿಗುತ್ತದೆ. ಹೆಚ್ಚಿದ ಕೋಸಿಗೆ ಉಪ್ಪು ಹಾಕಿ ಹಿಂಡದಿದ್ದರೆ ನೀರು ಬಿಟ್ಟು ಅಂಚು ಅಂಟುವುದಿಲ್ಲ. ಅಂಥದ್ದು ಹಂಡೆಯಲ್ಲೇ ಬಾಯಿ ಬಿಡುತ್ತದೆ.

ನೀರು ಕುದಿಯುವಾಗ ಡಂಪ್ಲಿಂಗ್ ಬಿಟ್ಟು, ತಳ ಹಿಡಿಯದಂತೆ ಸೌಟಿನ ಬೆನ್ನಿನಿಂದ ಮೆಲ್ಲಗೆ ತಳ್ಳುತ್ತಾರೆ. ಮತ್ತೆ ಕುದಿ ಬಂದಾಗ ಒಂದು ಬಟ್ಟಲು ತಣ್ಣೀರು. ಮಾಂಸದ್ದಾದರೆ ಹೀಗೆ ಮೂರು ಸಲ. ಕುದಿ ಒಂದೇ ಸಮನೆ ಜೋರಾಗಿದ್ದರೆ ಒಳಗಿನ ಮಾಂಸ ಬೇಯುವ ಮೊದಲೇ ಹೊರಗಿನ ಕಣಕ ಹರಿಯುತ್ತದೆ.

ತಟ್ಟೆ ಬಂದ ಮೇಲೆ ಮಾತು ಕಡಿಮೆ ಇರಲಿ. ಆರುತ್ತಾ ಹೋದಂತೆ ಒಂದಕ್ಕೊಂದು ಅಂಟಿಕೊಂಡು, ಎತ್ತುವಾಗ ಹರಿದು ರಸವೆಲ್ಲ ತಟ್ಟೆಗೆ ಹೋಗುತ್ತದೆ. ತಟ್ಟೆಯನ್ನು ಆಗಾಗ ಸ್ವಲ್ಪ ಅಲುಗಾಡಿಸುವುದು ಸುಲಭದ ಉಪಾಯ. ಅದ್ದಿಕೊಳ್ಳಲು ಬೇಕಾದದ್ದು ಮುಖ್ಯವಾಗಿ ಕಪ್ಪು ವಿನೆಗರ್. ಶಾನ್ಸಿ ಪ್ರಾಂತ್ಯದ್ದು ಜೋಳದಿಂದ ಆದದ್ದು, ಹುಳಿ ಗಡುಸು. ಝೆನ್‌ಜಿಯಾಂಗ್ ಊರಿನದು ಅಂಟಕ್ಕಿಯದು, ತುಸು ಸಿಹಿ. ಹೂರಣದಲ್ಲಿ ಉಪ್ಪು ಇದ್ದೇ ಇರುವುದರಿಂದ ಸೋಯಾ ಸಾಸ್ ನಾಲ್ಕು ಹನಿ ಸಾಕು. ಬಟ್ಟಲು ತುಂಬ ಸೋಯಾ ಸುರಿದುಕೊಂಡರೆ ಹೂರಣದ ರುಚಿಯೇ ಮುಳುಗಿಹೋಗುತ್ತದೆ. ಜೊತೆಗೆ ಹಸಿ ಬೆಳ್ಳುಳ್ಳಿ ಎಸಳನ್ನು ಕಚ್ಚಿಕೊಳ್ಳುವವರೂ ಅಲ್ಲಿ ಬಹಳ.

ಬಾಣಲೆಯಲ್ಲಿ ಮಾಡುವ ಗುವೋಟಿಯೆ ತರಿಸಿದರೆ, ಕೆಂಪಗೆ ಕಾದ ತಳ ಮೇಲೆ ಬರುವಂತೆ ತಟ್ಟೆಗೆ ಹಾಕಿರುತ್ತಾರೆ. ಅದನ್ನು ಹಾಗೇ ಇರಲು ಬಿಡಿ. ಮಗುಚಿದರೆ ಹಬೆಗೆ ಗರಿಗರಿ ಹೋಗುತ್ತದೆ.

ಊಟದ ಕೊನೆಗೆ ಡಂಪ್ಲಿಂಗ್ ಬೆಂದ ನೀರನ್ನೇ ಒಂದು ಬಟ್ಟಲು ಕೇಳಿ ಕುಡಿಯಿರಿ. ಬೇಯಿಸಿದ ನೀರೇ ಬೆಂದದ್ದನ್ನು ಜೀರ್ಣಿಸುತ್ತದೆ ಎಂಬುದು ಅಲ್ಲಿಯವರ ನಂಬಿಕೆ. ಹಿಟ್ಟಿನ ಗಂಜಿಯಂತಿರುವ ಆ ಬಿಸಿನೀರು ವಿನೆಗರಿನ ಹುಳಿಯ ಮೇಲೆ ಹಿತವಾಗಿರುತ್ತದೆ. ತಟ್ಟೆಯಲ್ಲಿ ಉಳಿದವನ್ನು ಕಟ್ಟಿಸಿಕೊಂಡು ಬಂದರೆ ಮತ್ತೆ ನೀರಿಗೆ ಹಾಕಬೇಡಿ, ಕಣಕ ನೆನೆದು ಒಡೆಯುತ್ತದೆ. ಬಾಣಲೆಗೆ ಒಂದು ಚಮಚ ಎಣ್ಣೆ ಬಿಟ್ಟು, ಸಣ್ಣ ಉರಿಯಲ್ಲಿ ಎರಡೂ ಬದಿ ಕೆಂಪಾಗುವವರೆಗೆ ಬಿಸಿ ಮಾಡಿ.