ಮೊದಲ ಕಿಕ್ ಕೊನೆಗಿರಲಿ

ಕೇಳುಗರಿಗೆ ನಮಸ್ಕಾರ.

ಜೇವರ್ಗಿ ಕಡೆಯ ನಮ್ಮ ಊರಿನ ಮನೆಯಲ್ಲಿ, ತೊಗರಿ ಚೀಲಗಳ ಹಿಂದೆ, ನಮ್ಮ ಕಾಕಾ ಅವರ ಯೆಜ್ಡಿ ಮೋಟಾರ್ ಸೈಕಲ್ 17 ವರ್ಷ ನಿಂತಿತ್ತು. ಕಾಕಾ ಪಶು ಆಸ್ಪತ್ರೆಯಲ್ಲಿ ಕಂಪೌಂಡರ್ ಆಗಿದ್ದರು. ಔಷಧಿಯ ತಗಡಿನ ಪೆಟ್ಟಿಗೆಯನ್ನು ಹಿಂದೆ ಬಿಗಿದುಕೊಂಡು ಭೀಮಾ ತೀರದ ಹಳ್ಳಿಗಳನ್ನೆಲ್ಲ ಈ ಗಾಡಿಯ ಮೇಲೆಯೇ ಸುತ್ತಿದವರು. ಹೋದ ವರ್ಷ ಅದನ್ನು ಟ್ರ್ಯಾಕ್ಟರ್ ಟ್ರಾಲಿಯಲ್ಲಿ ಕಲಬುರಗಿಗೆ ತಂದೆ.

ಇಳಿಸಿದ ಕೂಡಲೇ ಸುತ್ತ ನೆರೆದವರೆಲ್ಲ ಹೇಳಿದ್ದು ಒಂದೇ ಮಾತು: "ಒಂದು ಕಿಕ್ ಹೊಡೆದು ನೋಡಿ." ನನ್ನ ಕಾಲೂ ಅದಕ್ಕೇ ತುಡಿಯುತ್ತಿತ್ತು. ಆದರೆ ನಮ್ಮ ಮೆಕ್ಯಾನಿಕ್ ಉಸ್ತಾದರು ಕಿಕ್ ರಾಡಿನ ಮೇಲೆ ಕೈಯಿಟ್ಟು ತಡೆದರು. ಆ ಕೈ ಅಂದು ಅಲ್ಲಿರದಿದ್ದರೆ ಎಂಜಿನ್ ಉಳಿಯುತ್ತಿತ್ತೆಂಬ ನಂಬಿಕೆ ನನಗಿಲ್ಲ. ಇವತ್ತು ಮಾತನಾಡಲು ಬಂದಿರುವುದೂ ಅದಕ್ಕಾಗಿಯೇ. ನಿಮ್ಮ ಮನೆಯಲ್ಲೂ ಇಂಥ ಗಾಡಿ ನಿಂತಿದ್ದರೆ, ದಯವಿಟ್ಟು ಮೊದಲು ಕಿಕ್ ಹೊಡೆಯಬೇಡಿ.

ನಮ್ಮ ಭಾಗದ ಒಣ ಹವೆ ಕಬ್ಬಿಣವನ್ನು ಕಾಯುತ್ತದೆ. ಕರಾವಳಿಯಲ್ಲಿ ಇಷ್ಟು ವರ್ಷ ನಿಂತಿದ್ದರೆ ಚಾಸಿಯೇ ತುಕ್ಕು ತಿಂದು ಹೋಗುತ್ತಿತ್ತು. ನಮ್ಮದರಲ್ಲಿ ಮಡ್‌ಗಾರ್ಡಿನ ಒಳಮೈ ಮಾತ್ರ ತೂತು ಬಿದ್ದಿತ್ತು. ಅಲ್ಲಿ ಮೆತ್ತಿಕೊಂಡಿದ್ದ ಎರೆ ಮಣ್ಣು ಮಳೆಗಾಲದ ಪಸೆಯನ್ನು ಹಿಡಿದಿಟ್ಟುಕೊಂಡಿತ್ತು. ಆದರೆ ಕಬ್ಬಿಣವನ್ನು ಕಾಯುವ ಬಿಸಿಲು ರಬ್ಬರನ್ನು ಬಿಡುವುದಿಲ್ಲ. ಟಯರು, ಪೆಟ್ರೋಲ್ ಪೈಪು, ಇವುಗಳ ಬಿರುಕು ಕಣ್ಣಿಗೆ ಕಾಣುತ್ತದೆ. ಕಾಣದೇ ಇರುವುದು ಎಂಜಿನ್ನಿನೊಳಗಿನ ಆಯಿಲ್ ಸೀಲು, ಅಂದರೆ ತಿರುಗುವ ಶಾಫ್ಟಿನ ಸುತ್ತ ಕೂರುವ ರಬ್ಬರಿನ ಬಳೆ.

ಯೆಜ್ಡಿ ಟೂ ಸ್ಟ್ರೋಕ್ ಗಾಡಿ. ಪೆಟ್ರೋಲು ಮತ್ತು ಗಾಳಿಯ ಮಿಶ್ರಣ ಮೊದಲು ಪಿಸ್ಟನ್ನಿನ ಕೆಳಗಿನ ಕ್ರ್ಯಾಂಕ್ ಕೋಣೆಗೆ ಬಂದು, ಅಲ್ಲಿ ಒತ್ತಡ ಪಡೆದು ಸಿಲಿಂಡರಿಗೆ ಏರುತ್ತದೆ. ಆದ್ದರಿಂದ ಆ ಕೋಣೆ ಗಾಳಿಯಾಡದಂತೆ ಮುಚ್ಚಿರಬೇಕು. ಸೀಲು ಒಣಗಿ ಸೆಡೆತಿದ್ದರೆ ಹೊರಗಿನ ಗಾಳಿ ನುಸುಳಿ ಮಿಶ್ರಣ ತೆಳುವಾಗುತ್ತದೆ. ಎಂಜಿನ್ ಸ್ಟಾರ್ಟ್ ಆಗುತ್ತದೆ, ಜೋರಾಗಿ ಓಡಲೂಬಹುದು, ಎಲ್ಲರೂ ಚಪ್ಪಾಳೆ ತಟ್ಟಲೂಬಹುದು. ಆಮೇಲೆ ಅತಿಯಾಗಿ ಕಾದು ಪಿಸ್ಟನ್ ಕಚ್ಚಿಕೊಳ್ಳುತ್ತದೆ. ಪೆಟ್ರೋಲಿನ ಜೊತೆಗೇ ಎಂಜಿನ್ನಿಗೆ ಎಣ್ಣೆಯೂ ಹೋಗುವುದರಿಂದ, ಪೆಟ್ರೋಲು ಕಡಿಮೆಯಾದರೆ ಎಣ್ಣೆಯೂ ಕಡಿಮೆಯಾಗುತ್ತದೆ.

ನಮ್ಮ ಗಾಡಿಯ ಪಿಸ್ಟನ್ ಆಗಲೇ ಹಿಡಿದುಕೊಂಡಿತ್ತು. ಉಸ್ತಾದರು ಪ್ಲಗ್ ಬಿಚ್ಚಿ, ಡೀಸೆಲ್ ಮತ್ತು ಎಂಜಿನ್ ಆಯಿಲ್ ಬೆರೆಸಿ ಒಳಗೆ ಸುರಿದರು. ಆರು ದಿನ ಕಾದೆವು. ದಿನಾ ಸಂಜೆ ಗಾಡಿಯನ್ನು ಟಾಪ್ ಗೇರಿನಲ್ಲಿಟ್ಟು ಹಿಂದಿನ ಚಕ್ರವನ್ನು ಹಿಂದೆ ಮುಂದೆ ಮೆಲ್ಲಗೆ ಆಡಿಸುತ್ತಿದ್ದೆ. ಏಳನೆಯ ದಿನ ಚಕ್ರ ಅರ್ಧ ಬೆರಳಿನಷ್ಟು ಸರಿಯಿತು. ಆ ಅರ್ಧ ಬೆರಳು ಕೊಟ್ಟ ಸಂತೋಷವನ್ನು ಯಾವ ಹೊಸ ಗಾಡಿಯೂ ನನಗೆ ಕೊಟ್ಟಿಲ್ಲ. ಆಮೇಲೆಯೇ ಎಂಜಿನ್ ಬಿಚ್ಚಿ ಸೀಲು, ಬೇರಿಂಗು ಬದಲಿಸಿದೆವು.

ಏರ್ ಫಿಲ್ಟರ್ ಡಬ್ಬಿಯ ತುಂಬ ಇಲಿ ಹೊತ್ತು ತಂದ ತೊಗರಿ ಹೊಟ್ಟಿತ್ತು. ಪಿಸ್ಟನ್ ಬಿಟ್ಟ ಕೂಡಲೇ ಕಿಕ್ ಹೊಡೆದಿದ್ದರೆ ಎಂಜಿನ್ ಅದನ್ನೂ ಒಳಗೆ ಎಳೆದುಕೊಳ್ಳುತ್ತಿತ್ತು. ಟ್ಯಾಂಕಿನ ತುಕ್ಕನ್ನು ಹುಣಸೆ ರಸ ಹಾಕಿ ಎರಡು ದಿನ ನೆನೆಸಿ ತೆಗೆದೆವು. ತೊಳೆದ ಮೇಲೆ ತಡಮಾಡದೆ ಬಿಸಿಲಿಗೆ ಒಣಗಿಸಿ ಒಳಗೆ ಎಣ್ಣೆ ಸವರಬೇಕು, ಇಲ್ಲವಾದರೆ ಮರುದಿನವೇ ಹೊಸ ತುಕ್ಕು ಹಿಡಿಯುತ್ತದೆ. ಪ್ಲಗ್ಗಿಗೆ ಕಿಡಿ ಕೊಡಿಸುವ ಪಾಯಿಂಟನ್ನು ಉಜ್ಜಿ 0.4 ಮಿಲಿಮೀಟರ್ ಸಂದಿಗೆ ಕೂರಿಸಿದೆವು. ಈಗಿನ ಪೆಟ್ರೋಲಿನಲ್ಲಿ ಎಥೆನಾಲ್ ಇರುತ್ತದೆ, ಅದು ನೀರಿನ ಪಸೆಯನ್ನು ಹೀರುತ್ತದೆ. ವಾರಗಟ್ಟಲೆ ಓಡಿಸದಿದ್ದರೆ ಕಾರ್ಬೊರೇಟರನ್ನು ಖಾಲಿ ಮಾಡಿ ಇಡಿ.

ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಿಂದ 1973ರಿಂದ ಯೆಜ್ಡಿ ಎಂಬ ಹೆಸರಿನಲ್ಲಿ ಬಂದ ಗಾಡಿಗಳಿವು. 1996ರಲ್ಲಿ ಆ ಕಾರ್ಖಾನೆ ಮುಚ್ಚಿತು. ಹಾಗಾಗಿ ಹಳೆಯ ಭಾಗ ಯಾವುದನ್ನೂ ಎಸೆಯಬೇಡಿ, ಸವೆದದ್ದನ್ನು ಲೇತ್ ಅಂಗಡಿಗೆ ಕೊಟ್ಟು ಸರಿಮಾಡಿಸಬಹುದು. ಬಣ್ಣದ ವಿಷಯದಲ್ಲಿ ಉಸ್ತಾದರಿಗೂ ನನಗೂ ಒಮ್ಮತವಿರಲಿಲ್ಲ. ಅವರಿಗೆ ಫಳಫಳ ಹೊಳೆಯಬೇಕು. ಕಾಕಾ ಅವರ ಮೊಣಕಾಲು ತಾಗಿ ತಾಗಿ ಟ್ಯಾಂಕಿನ ಎರಡೂ ಪಕ್ಕ ಬಣ್ಣ ಮಾಸಿದೆ. ಅದನ್ನು ಮುಚ್ಚಲು ನಾನು ಒಪ್ಪಲಿಲ್ಲ.

ಕೆಲಸ ಶುರುಮಾಡಿದ ಐದನೆಯ ತಿಂಗಳಲ್ಲಿ ಗಾಡಿಯನ್ನು ಊರಿಗೆ ಒಯ್ದು, ಮನೆಯಂಗಳದ ಶಹಾಬಾದ್ ಕಲ್ಲಿನ ಮೇಲೆ ನಿಲ್ಲಿಸಿ, ಲೀಟರಿಗೆ 40 ಮಿಲಿಲೀಟರ್ ಎಣ್ಣೆ ಬೆರೆಸಿದ ಪೆಟ್ರೋಲ್ ಹಾಕಿದೆವು. ಯೆಜ್ಡಿಯಲ್ಲಿ ಕಿಕ್ ಮತ್ತು ಗೇರು ಎರಡಕ್ಕೂ ಒಂದೇ ರಾಡು. ಅದನ್ನು ಒಳಕ್ಕೆ ಒತ್ತಿ, ಮೇಲಕ್ಕೆ ತಿರುಗಿಸಿ, ಒಂದು ಕಿಕ್ ಹೊಡೆದೆ. ಇನ್ನೊಂದು. ಮೂರನೆಯದಕ್ಕೆ ಎರಡೂ ಸೈಲೆನ್ಸರಿನಿಂದ ಹೊಗೆ ಬಂತು, ಹಿಂದೆಯೇ ಆ ಸದ್ದು.

ಅಡುಗೆಮನೆಯಿಂದ ಕಾಕು, ಅಂದರೆ ಕಾಕಾ ಅವರ ಹೆಂಡತಿ, ಹೊರಗೆ ಬಂದರು. ಸೆರಗಿಗೆ ಕೈ ಒರೆಸಿಕೊಳ್ಳುತ್ತ ಸ್ವಲ್ಪ ಹೊತ್ತು ನಿಂತು ಕೇಳಿದರು. ಆಮೇಲೆ, "ಎರಡನೆಯ ಗೇರು ಬೀಳುವಾಗ ತಡೆಯುತ್ತಿತ್ತು, ನಿಮ್ಮ ಕಾಕಾ ದಿನಾ ಬೈಯುತ್ತಿದ್ದರು. ಈಗಲೂ ತಡೆಯುತ್ತದೆಯೇ?" ಎಂದರು.

ಅವರನ್ನು ಹಿಂದೆ ಕೂರಿಸಿಕೊಂಡು ಊರ ಅಗಸಿಯವರೆಗೆ ಹೋಗಿ ಬಂದೆ. ತಡೆಯುತ್ತದೆ.