ಪಿರ್ಲೋನನ್ನು ಹಿಂದಕ್ಕೆ ಕಳಿಸಿದ ಕೋಚ್

ನಮಸ್ಕಾರ. ಇಟಲಿಯ ಫುಟ್‌ಬಾಲ್ ಆಟಗಾರ ಆಂಡ್ರೆಯಾ ಪಿರ್ಲೋ ಅಂತ ಹುಡುಕಿದರೆ ಮೊದಲು ಸಿಗುವ ವಿಡಿಯೋ ಯಾವುದು ಹೇಳಿ? 2012ರ ಯೂರೋ ಕಪ್, ಇಂಗ್ಲೆಂಡ್ ಎದುರಿನ ಪೆನಾಲ್ಟಿ ಅಲ್ವಾ? ಗೋಲ್‌ಕೀಪರ್ ಜೋ ಹಾರ್ಟ್ ಪಕ್ಕಕ್ಕೆ ಹಾರಿದ. ಪಿರ್ಲೋ ಚೆಂಡನ್ನು ಮೆತ್ತಗೆ ಎತ್ತಿ ನಡುಮಧ್ಯಕ್ಕೆ ಬಿಟ್ಟ. ಇಟಲಿಯಲ್ಲಿ ಈ ಹೊಡೆತಕ್ಕೆ ‘ಚಮಚ’ ಅಂತಲೇ ಹೆಸರು.

ಚೆನ್ನಾಗಿದೆ, ಇಲ್ಲ ಅನ್ನುವುದಿಲ್ಲ. ಆದರೆ ಅದನ್ನೊಂದೇ ನೋಡಿ ಪಿರ್ಲೋ ಅಂದರೆ ಸ್ಟೈಲು, ಗಡ್ಡ ಅಂದುಕೊಂಡರೆ ಅಸಲಿ ಕತೆ ಕೈಬಿಟ್ಟು ಹೋಗುತ್ತದೆ. ಈ ಮನುಷ್ಯನಿಗೆ ವೇಗವೇ ಇರಲಿಲ್ಲ. ಸರಿಯಾದ ಜಾಗಕ್ಕೆ ಹಾಕದಿದ್ದರೆ ಇವತ್ತು ಅವನ ಹೆಸರನ್ನು ಯಾರೂ ಎತ್ತುತ್ತಿರಲಿಲ್ಲ ಅಂತ ನನ್ನ ನಂಬಿಕೆ.

ಬ್ರೆಶಾ ಊರಿನ ಪಕ್ಕದ ಫ್ಲೆರೋದಲ್ಲಿ 1979ರಲ್ಲಿ ಹುಟ್ಟಿದ. ಹದಿನಾರಕ್ಕೇ ಬ್ರೆಶಾ ತಂಡಕ್ಕೆ ಆಡಿದ. 1998ರಲ್ಲಿ ಇಂಟರ್ ಮಿಲಾನ್ ಕರೆಸಿಕೊಂಡಿತು. ಆಗ ಅವನು ಸ್ಟ್ರೈಕರ್‌ಗಳ ಹಿಂದೆ ಆಡುವ ಹುಡುಗ, ಹತ್ತನೇ ನಂಬರಿನ ಕೆಲಸ. ಇಂಟರ್ ಆ ಒಂದೇ ಸೀಸನ್‌ನಲ್ಲಿ ನಾಲ್ಕು ಕೋಚ್‌ಗಳನ್ನು ನೋಡಿತು! ಅಂಥ ಗಲಾಟೆಯಲ್ಲಿ ಹತ್ತೊಂಬತ್ತರ ಹುಡುಗನನ್ನು ಯಾರು ಕೇಳುತ್ತಾರೆ? ಸಾಲದ ಮೇಲೆ, ಅಂದರೆ ಸ್ವಲ್ಪ ಕಾಲ ಆಡಿ ಬರಲಿ ಅಂತ, ರೆಜ್ಜಿನಾ ತಂಡಕ್ಕೆ ಕಳಿಸಿದರು. 2001ರ ಜನವರಿಯಲ್ಲಿ ತಿರುಗಿ ಬ್ರೆಶಾಗೆ.

ಅಲ್ಲಿ ಹತ್ತನೇ ನಂಬರ್ ಖಾಲಿ ಇರಲಿಲ್ಲ. ಅದು ಇಟಲಿಯ ದೊಡ್ಡ ತಾರೆ ರಾಬರ್ಟೋ ಬ್ಯಾಜಿಯೋದು. ಬ್ಯಾಜಿಯೋನನ್ನು ಎಬ್ಬಿಸಿ ಇವನನ್ನು ಕೂರಿಸೋಕೆ ಆಗುತ್ತಾ? ಕೋಚ್ ಕಾರ್ಲೋ ಮಾಜೋನೆ, ರೋಮ್‌ನ ಹಳೇ ಹುಲಿ, ಪಿರ್ಲೋನನ್ನು ಹಿಂದಕ್ಕೆ, ತಮ್ಮದೇ ಡಿಫೆನ್ಸ್‌ನ ಮುಂದೆ ತಂದು ನಿಲ್ಲಿಸಿದ. ಸಾಮಾನ್ಯವಾಗಿ ಗಟ್ಟಿಮುಟ್ಟಾದವರು ಕಾಲು ಕೊಟ್ಟು ಚೆಂಡು ಕಸಿಯುವ ಜಾಗ ಅದು. ಆದರೆ ಅಲ್ಲಿ ನಿಂತರೆ ಮೈದಾನವೆಲ್ಲ ಕಣ್ಣೆದುರಿಗೇ ಇರುತ್ತದೆ. ಓಡಬೇಕಾಗಿಲ್ಲ, ನೋಡಿದರೆ ಸಾಕು.

ಏಪ್ರಿಲ್ 1, ಟ್ಯೂರಿನ್, ಯುವೆಂಟಸ್ ಎದುರು. ಪಿರ್ಲೋ ದೂರದಿಂದ ಎತ್ತಿ ಕಳಿಸಿದ ಚೆಂಡು ಡಿಫೆಂಡರ್‌ಗಳ ತಲೆ ಮೇಲೆ ಹಾದು ಬ್ಯಾಜಿಯೋ ಕಾಲಿಗೇ ಬಿತ್ತು. ಬ್ಯಾಜಿಯೋ ಒಂದೇ ಸಲ ಮುಟ್ಟಿ ಗೋಲ್‌ಕೀಪರ್ ವಾನ್ ಡೆರ್ ಸಾರ್‌ನನ್ನು ದಾಟಿದ, ಗೋಲು. ಪಂದ್ಯ 1-1. ಎಲ್ಲರೂ ಬ್ಯಾಜಿಯೋ ಕಾಲನ್ನು ಹೊಗಳಿದರು, ಸರಿಯೇ. ಆ ಪಾಸ್ ನೋಡಿಯೂ ಇಂಟರ್ ಅದೇ ವರ್ಷ ಅವನನ್ನು ಅದೇ ಊರಿನ ಇನ್ನೊಂದು ತಂಡ, ಎದುರುಮನೆ ಎ.ಸಿ. ಮಿಲಾನ್‌ಗೆ ಮಾರಿತು. ಮುಂದಿನ ವರ್ಷ ಇನ್ನೊಬ್ಬ ಆಟಗಾರ ಸೀಡಾರ್ಫ್‌ನನ್ನೂ ಅಲ್ಲಿಗೇ ಕಳಿಸಿತು. ಪಕ್ಕದ ಮನೆಯವರ ಮೇಲೆ ಇಷ್ಟು ಪ್ರೀತಿ ಇಟ್ಟುಕೊಂಡವರನ್ನು ನಾನು ಬೇರೆ ನೋಡಿಲ್ಲ.

ಮಿಲಾನ್‌ನಲ್ಲಿ ಕೋಚ್ ಆಂಚೆಲೊಟ್ಟಿ ಅದೇ ಜಾಗ ಕೊಟ್ಟ, ಪಕ್ಕದಲ್ಲಿ ಗಟ್ಟೂಸೋನನ್ನು ಇಟ್ಟ. ಒಬ್ಬ ಓಡುವುದು, ಒಬ್ಬ ಯೋಚಿಸುವುದು. ಯುರೋಪಿನ ಕ್ಲಬ್‌ಗಳ ದೊಡ್ಡ ಕಪ್ ಚಾಂಪಿಯನ್ಸ್ ಲೀಗ್ 2003, 2007 ಎರಡು ಸಲ ಬಂತು. ತಪ್ಪು ಮುಚ್ಚಿಡಬಾರದು: 2010ರಲ್ಲಿ ಮ್ಯಾಂಚೆಸ್ಟರ್ ಯುನೈಟೆಡ್‌ನ ಕೋಚ್ ಫರ್ಗ್ಯುಸನ್, ಪಾರ್ಕ್ ಜಿ-ಸುಂಗ್‌ನನ್ನು ಇವನ ಬೆನ್ನಿಗೆ ಅಂಟಿಸಿದ. ಪಿರ್ಲೋ ಮಾಯವಾದ, ಮಿಲಾನ್ 4-0 ಸೋತಿತು. ಉಸಿರಾಡೋಕೆ ಜಾಗ ಕೊಡದಿದ್ದರೆ ಅವನೂ ಮಾಮೂಲಿ ಆಟಗಾರನೇ.

2011ರಲ್ಲಿ, ಮೂವತ್ತೆರಡಕ್ಕೆ, ಮಿಲಾನ್ ಸುಮ್ನೆ ಬಿಟ್ಟುಕೊಟ್ಟಿತು. ಒಂದು ರೂಪಾಯಿ ಟ್ರಾನ್ಸ್‌ಫರ್ ದುಡ್ಡೂ ಇಲ್ಲದೆ. ಹಿಂದಿನ ಎರಡು ವರ್ಷ ಏಳನೇ ಸ್ಥಾನದಲ್ಲಿದ್ದ ಯುವೆಂಟಸ್ ಅವನನ್ನು ಎತ್ತಿಕೊಂಡು, ಮೊದಲ ಸೀಸನ್‌ನಲ್ಲೇ ಲೀಗ್‌ನ 38 ಪಂದ್ಯಗಳಲ್ಲಿ ಒಂದನ್ನೂ ಸೋಲದೆ ಚಾಂಪಿಯನ್ ಆಯಿತು. ಅವನಿದ್ದ ನಾಲ್ಕು ವರ್ಷವೂ ಲೀಗ್ ಯುವೆಂಟಸ್‌ದೇ. ಇದೇ ಮಿಲಾನ್‌ನಲ್ಲಿ ಇವನಿಲ್ಲದೆಯೂ ನಡೆಯುತ್ತದೆ ಅಂದುಕೊಂಡಿದ್ದ ಕೋಚ್ ಅಲೆಗ್ರಿ, 2014ರಲ್ಲಿ ಯುವೆಂಟಸ್‌ಗೇ ಬಂದ. ಆಗ ಪಿರ್ಲೋನನ್ನು ಆಡಿಸಿಯೇ ಲೀಗ್ ಗೆದ್ದ!

ನನಗೆ ಬೇಕಾದ ಪಿರ್ಲೋ ಮಾತ್ರ 2006ರ ಜುಲೈ 4ರವನು. ಡಾರ್ಟ್‌ಮುಂಡ್, ವಿಶ್ವಕಪ್ ಸೆಮಿಫೈನಲ್, ಜರ್ಮನಿ ಎದುರು 0-0. ನಮ್ಮ ಕಡೆ ಬೆಳಗಿನ ಜಾವ ಮೂರರ ಹತ್ತಿರ. 119ನೇ ನಿಮಿಷ. ಕಾರ್ನರ್‌ನ ಚೆಂಡು ಆಚೆ ಬಂದು ಪೆನಾಲ್ಟಿ ಬಾಕ್ಸ್‌ನ ಅಂಚಿನಲ್ಲಿ ಇವನಿಗೆ ಸಿಕ್ಕಿತು. ಬೇರೆ ಯಾರೇ ಆಗಿದ್ದರೂ ಜಾಡಿಸಿ ಒದೆಯುತ್ತಿದ್ದರು. ಇವನು ಅಡ್ಡಕ್ಕೆ ನಡೆದ. ಒಂದು ಹೆಜ್ಜೆ, ಇನ್ನೊಂದು. ಜರ್ಮನ್ನರು ಹೊಡೆತ ತಡೆಯೋಕೆ ಇವನ ಕಡೆಗೇ ಬಂದರು. ಆಗ ಅವರ ನಡುವಿನ ಸಂದಿಯಲ್ಲಿ ಜೊತೆಗಾರ ಗ್ರೋಸೋಗೆ ಚೆಂಡು ಜಾರಿಸಿದ. ಗೋಲು. ಕ್ಯಾಮೆರಾ ತಲೆ ಅಲ್ಲಾಡಿಸುತ್ತ ಓಡಿದ ಗ್ರೋಸೋ ಹಿಂದೆ ಹೋಯಿತು.

ಇದು ಮುಗಿದ ಮೇಲೆ ಅದನ್ನು ಒಮ್ಮೆ ಹಾಕಿ ನೋಡಿ. ಸ್ವಲ್ಪ ನಿಧಾನಕ್ಕೆ ಇಟ್ಟುಕೊಳ್ಳಿ. ಗ್ರೋಸೋನನ್ನು ಬಿಡಿ, ಪಾಸ್ ಕೊಡುವಾಗ ಪಿರ್ಲೋನ ಕತ್ತು ಯಾವ ಕಡೆ ತಿರುಗಿದೆ ನೋಡಿ.